ಡಾಕ್ಟರ್ ಬಸವಲಿಂಗಪ್ಪನವರ ಆಫರ್

ಶನಿವಾರ ಬೆಳಿಗ್ಗೆ ಲೀಲಾ ಸ್ನಾನಕ್ಕೆ ಹೋಗಿ ಬಚ್ಚಲಿನ ಚಿಲಕ ಹಾಕಿಕೊಂಡ ಸದ್ದು ಕೇಳಿದ್ದೇ ತಡ, ಜಗನ್ನಾಥ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಡಾಕ್ಟರ್ ಬಸವಲಿಂಗಪ್ಪನಾಗುತ್ತಿದ್ದ. ಅದಕ್ಕೆ ವೇಷ ಗೀಷ ಏನೂ ಬೇಕಿರಲಿಲ್ಲ. ಮಗಳು ಕೃತಿ ಬಿಸಾಕಿದ್ದ ಹಳೆಯ ಫೋನು, ಅದಕ್ಕೊಂದು ಬೇರೆ ನಂಬರು, ದನಿಯಲ್ಲಿ ಒಂದಿಷ್ಟು ತೂಕ, ಅಷ್ಟು ಸಾಕಿತ್ತು. ಫರೀದಾಬಾದಿನ ಕಾರ್ಖಾನೆಯಲ್ಲಿ ಬೈದು, ಬೈಸಿಕೊಂಡು ವರ್ಷಗಟ್ಟಲೆ ತಿದ್ದಿಕೊಂಡಿದ್ದ ತನ್ನ ಹಿಂದಿಯನ್ನು ಬೇಕೆಂದೇ ಕೆಡಿಸಿ, ಮೊನ್ನೆ ಮೊನ್ನೆ ಕರ್ನಾಟಕದಿಂದ ಬಂದು ರೈಲಿಳಿದವರ ಹಾಗೆ ಮಾತಾಡುತ್ತಿದ್ದ. ಡಾಕ್ಟರು ದಾವಣಗೆರೆಯಲ್ಲಿ ನರ್ಸಿಂಗ್ ಹೋಮ್ ನಡೆಸಿ, ಕೈತುಂಬ ಸಂಪಾದಿಸಿ, ಈಗ ಮಗನ ಹತ್ತಿರ ಇರೋಣವೆಂದು ಬಂದವರು. ಯಾರಿಗೂ ಹೆದರುವವರಲ್ಲ, ಯಾವುದಕ್ಕೂ ಆತುರಪಡುವವರಲ್ಲ. ಅವರ ಹೆಂಡತಿಗೆ ಅಡುಗೆಮನೆ ಪೂರ್ವಕ್ಕೇ ಇರಬೇಕು. ಈ ಹೆಂಡತಿ ಎಲ್ಲಿಂದ ಬಂದಳೋ ಜಗನ್ನಾಥನಿಗೇ ಗೊತ್ತಿರಲಿಲ್ಲ. ಒಂದು ಶನಿವಾರ ಮಾತಿನ ಭರದಲ್ಲಿ ಬಾಯಿಂದ ಬಿದ್ದವಳು ಆಮೇಲೆ ಹೋಗಲೇ ಇಲ್ಲ. ಫೋನಿನ ಆ ತುದಿಯಲ್ಲಿದ್ದ ಮನೆ ಬ್ರೋಕರ್ ಕಿಶನ್ ಪ್ರತಿ ಸಲವೂ ‘ಭಾಭೀಜಿ ಹೇಗಿದ್ದಾರೆ?’ ಎಂದು ವಿಚಾರಿಸಿಕೊಳ್ಳುತ್ತಿದ್ದ. ಇವನೂ ‘ಚೆನ್ನಾಗಿದ್ದಾಳೆ’ ಎನ್ನುತ್ತಿದ್ದ. ಸ್ನಾನ ಮುಗಿಸಿ ಬಂದ ಲೀಲಾ, ತಲೆಗೆ ಟವೆಲ್ ಸುತ್ತಿಕೊಂಡು, ‘ಯಾರ ಜೊತೆ ರೀ ಅಷ್ಟು ನಗ್ತಿದ್ರಿ?’ ಎಂದರೆ, ‘ಆಫೀಸಿಂದು’ ಎಂದು ಫೋನನ್ನು ಲುಂಗಿಯ ಮಡಿಕೆಗೆ ಸೇರಿಸುತ್ತಿದ್ದ.

ಡಾಕ್ಟರು ಕೊಳ್ಳಬೇಕೆಂದಿದ್ದ ಫ್ಲ್ಯಾಟು ಕಾಲುವೆಯಾಚೆ, ನೆಹರ್‌ಪಾರಿನಲ್ಲಿ, ಫ್ಲೋರೆಂತಿನಾ ಗ್ರೀನ್ಸ್ ಎಂಬ ಸೊಸೈಟಿಯ ಹನ್ನೊಂದನೆಯ ಮಹಡಿಯಲ್ಲಿತ್ತು. ಅದರ ಎದುರುಬಾಗಿಲಿನ ಫ್ಲ್ಯಾಟೇ ಜಗನ್ನಾಥನದು. ಎರಡಕ್ಕೂ ಒಂದೇ ಅಳತೆ, ಒಂದೇ ಟೈಲ್ಸು, ಸೀಲಿಂಗಿನಲ್ಲಿ ಒಂದೇ ಥರದ ಸೋರಿಕೆ. ಹಾಗಾಗಿ ಎದುರಿನದರ ಬೆಲೆಯೇ ತನ್ನದರ ಬೆಲೆ. ಹತ್ತು ವರ್ಷದ ಕೆಳಗೆ ಸಂಬಳದ ಮುಕ್ಕಾಲು ಪಾಲನ್ನು ಕಂತಿಗೆ ಬರೆದುಕೊಟ್ಟು ಬುಕ್ ಮಾಡಿದಾಗ ಬ್ರೋಷರಿನಲ್ಲಿ ಕಾರಂಜಿ ಇತ್ತು, ಬಾತುಕೋಳಿಗಳಿದ್ದವು, ಬಿಳಿಯ ಹೆಂಗಸೊಬ್ಬಳು ಯೋಗ ಮಾಡುತ್ತಿದ್ದಳು. ಈಗ ಗ್ರೀನ್ಸ್ ಅಂತ ಉಳಿದಿರುವುದು ಗೇಟಿಗೆ ಬಳಿದ ಬಣ್ಣ ಮಾತ್ರ. ಟ್ಯಾಂಕರಿನಲ್ಲಿ ಉಪ್ಪುನೀರು ಬರುತ್ತದೆ. ಎರಡು ಲಿಫ್ಟಿನಲ್ಲಿ ಒಂದು ಯಾವಾಗಲೂ ರಿಪೇರಿಯಲ್ಲಿ. ಎಲ್ಲಕ್ಕಿಂತ ಮೇಲಾಗಿ, ಬಿಲ್ಡರು ಸರ್ಕಾರಕ್ಕೆ ಕಟ್ಟಬೇಕಾದ್ದನ್ನು ಕಟ್ಟದೆ ಕೂತಿದ್ದರಿಂದ ಯಾರಿಗೂ ರಿಜಿಸ್ಟ್ರಿ ಆಗಿರಲಿಲ್ಲ. ಬೀಗದ ಕೈ ಜಗನ್ನಾಥನ ಹತ್ತಿರವಿತ್ತು, ಆದರೆ ಕಾನೂನಿನ ಪ್ರಕಾರ ಮನೆ ಅವನದಾಗಿರಲಿಲ್ಲ. ಲೀಲಾ ಒಂದೇ ಒಂದು ಸಲ ಹೋಗಿ, ಅಡುಗೆಮನೆಯ ನಲ್ಲಿಗೆ ಬೊಗಸೆಯೊಡ್ಡಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದು, ‘ಈ ನೀರಲ್ಲಿ ಬೇಳೆ ಬೇಯಲ್ಲ ಕಣ್ರೀ’ ಎಂದಿದ್ದಳು. ಅಷ್ಟಕ್ಕೇ ಆ ಅಧ್ಯಾಯ ಮುಗಿದಿತ್ತು. ಈಗಲೂ ಅವರು ಇರುವುದು ಸೆಕ್ಟರ್ ಹದಿನೈದರ ಬಾಡಿಗೆ ಮನೆಯಲ್ಲಿ.

ಡಾಕ್ಟರು ಹುಟ್ಟಿದ್ದು ಅವಮಾನದಿಂದ. ಒಂದು ದಿನ ಜಗನ್ನಾಥ ತನ್ನ ಸ್ವಂತ ಹೆಸರಿನಲ್ಲೇ ಕಿಶನ್‌ಗೆ ಫೋನ್ ಮಾಡಿ, ಫ್ಲೋರೆಂತಿನಾದಲ್ಲೊಂದು ಫ್ಲ್ಯಾಟಿದೆ, ಮಾರಿದರೆ ಎಷ್ಟು ಬರಬಹುದು ಎಂದು ಕೇಳಿದ್ದ. ಕಿಶನ್ನನ ದನಿ ಒಣಗಿಹೋಯಿತು. ‘ಮಾರ್ಕೆಟ್ ತಣ್ಣಗಿದೆ ಅಂಕಲ್. ಆ ಕಡೆ ಯಾರೂ ಮುಖ ಹಾಕ್ತಿಲ್ಲ. ನೋಡೋಣ.’ ಅಂಕಲ್! ಕ್ವಾಲಿಟಿ ಕಂಟ್ರೋಲ್ ಮ್ಯಾನೇಜರ್ ಜಗನ್ನಾಥ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಲಾರಿಗಟ್ಟಲೆ ಮಾಲನ್ನು ವಾಪಸ್ ಕಳಿಸುವ ಜಗನ್ನಾಥ, ಇವನಿಗೆ ಅಂಕಲ್. ಕೃತಿಯ ಹಳೆಯ ಫೋನಿನಿಂದ ಅದೇ ಕಿಶನ್‌ಗೆ ಮತ್ತೆ ಫೋನ್ ಮಾಡಿ, ಕೊಳ್ಳುವವನಂತೆ ವಿಚಾರಿಸಿದ. ಅದೇ ಮನುಷ್ಯ, ಅದೇ ಕಟ್ಟಡ. ‘ಅರೇ ಸಾಬ್, ಮಾರ್ಕೆಟ್ಟಿಗೆ ಬೆಂಕಿ ಬಿದ್ದಿದೆ! ಜೇವರ್ ಏರ್‌ಪೋರ್ಟು, ಎಕ್ಸ್‌ಪ್ರೆಸ್‌ವೇ, ಇವತ್ತಿನ ರೇಟು ನಾಳೆ ಸಿಗಲ್ಲ.’ ಅಂದು ಕಿಶನ್ ಹೇಳಿದ ಬೆಲೆ ಜಗನ್ನಾಥನ ಕಿವಿಯಲ್ಲಿ ಹಾಲಾಗಿ ಇಳಿಯಿತು. ‘ಶುಭ ನಾಮ?’ ಎಂದು ಕಿಶನ್ ಕೇಳಿದಾಗ ನಾಲಿಗೆಗೆ ಬಂದ ಹೆಸರೇ ಬಸವಲಿಂಗಪ್ಪ. ಡಾಕ್ಟರ್ ಎಂಬುದನ್ನು ಮರ್ಯಾದೆಗೆ ಸೇರಿಸಿದ್ದು.

ಅಲ್ಲಿಂದ ಶುರುವಾದದ್ದು ಚಟವಾಯಿತು. ಅಲ್ಲ, ಇದಕ್ಕೆ ಚಟ ಎನ್ನಬಹುದೇ? ಕುಡಿತವೇ, ಜೂಜೇ? ತನ್ನ ಆಸ್ತಿಯ ಯೋಗಕ್ಷೇಮ ವಿಚಾರಿಸಿದರೆ ತಪ್ಪೇ? ರೇಟು ಏರಿದೆ ಎಂದು ಕೇಳಿದ ಶನಿವಾರ ಜಗನ್ನಾಥ ಹಣ್ಣಿನ ಭಯ್ಯಾನ ಹತ್ತಿರ ಚೌಕಾಶಿ ಮಾಡದೆ ದಶಹರಿ ಮಾವು ತರುತ್ತಿದ್ದ, ಲೀಲಾಳ ಮಂಡಿನೋವಿಗೆ ತಾನೇ ಎಣ್ಣೆ ಬಿಸಿಮಾಡಿ ಕೊಡುತ್ತಿದ್ದ. ‘ಪಾಪಾ ಆಜ್ ಇತ್ನೇ ಖುಷ್ ಯಾಕೆ?’ ಎಂದು ಕೃತಿ ತಾಯಿಯನ್ನು ಕೇಳುತ್ತಿದ್ದಳು. ಏರಿಲ್ಲವೆಂದ ವಾರ ಕಾರ್ಖಾನೆಯಲ್ಲಿ ಯಾರಿಗೋ ಗ್ರಹಚಾರ ಕಾದಿರುತ್ತಿತ್ತು. ಕನ್ನಡ ಸಂಘದ ಯುಗಾದಿ ಊಟದಲ್ಲಂತೂ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, ‘ನಾನು ತಗೊಂಡಾಗ ಎಲ್ಲ ನಕ್ಕರು. ಈಗ ನೋಡಿ’ ಎಂದು ಕಿಶನ್ ಹೇಳಿದ ಅಂಕಿಯನ್ನೇ ಹೇಳುತ್ತಿದ್ದ. ರಿಜಿಸ್ಟ್ರಿಯ ವಿಷಯ ಯಾರಾದರೂ ಎತ್ತಿದರೆ, ‘ಅದು ಬರೀ ಫಾರ್ಮಾಲಿಟಿ’ ಎನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿರಲಿಲ್ಲ. ಬ್ರೋಕರನೇ ಹೇಳಿದ್ದಲ್ಲವೇ? ಕೊಳ್ಳಲು ಒಬ್ಬರು ಡಾಕ್ಟರು ತುದಿಗಾಲಲ್ಲಿ ನಿಂತಿದ್ದಾರಲ್ಲವೇ?

ಈ ಶನಿವಾರ ಕಿಶನ್ ಎಂದಿನಂತೆ ಭಾಭೀಜಿಯನ್ನು ವಿಚಾರಿಸಲಿಲ್ಲ. ‘ಡಾಕ್ಟರ್ ಸಾಬ್, ನೀವು ಯೋಚನೆ ಮಾಡ್ತಾನೇ ಇರಿ. ಆ ಫ್ಲ್ಯಾಟಿಗೆ ಪಾರ್ಟಿ ಬಂದುಬಿಟ್ಟಿದೆ. ನಾಳೆ ಮಧ್ಯಾಹ್ನ ಟೋಕನ್ ಅಡ್ವಾನ್ಸ್ ಕೊಡ್ತಾರೆ. ನಾನು ನಿಮಗೆ ಹೇಳಿದ ರೇಟೇ ಕೊಡ್ತಾರಂತೆ.’ ಜಗನ್ನಾಥನಿಗೆ ಮೊದಲು ಖುಷಿಯಾಯಿತು, ಮರುಕ್ಷಣವೇ ಮೈಯೆಲ್ಲ ಉರಿಯಿತು. ಎಷ್ಟು ತಿಂಗಳಿಂದ ಡಾಕ್ಟರು ಈ ಮನೆಯ ಮೇಲೆ ಕಣ್ಣಿಟ್ಟಿದ್ದಾರೆ, ಪೂರ್ವದ ಅಡುಗೆಮನೆ ಎಂದು ಆ ಹೆಂಗಸು ಎಷ್ಟು ಆಸೆಪಟ್ಟಿದ್ದಾಳೆ, ನಡುವೆ ಯಾವನೋ ಬಂದು ಕಿತ್ತುಕೊಂಡು ಹೋಗುವುದೇ? ‘ನಾನು ಎರಡು ಲಕ್ಷ ಜಾಸ್ತಿ ಕೊಡ್ತೀನಿ’ ಎಂದುಬಿಟ್ಟರು ಡಾಕ್ಟರು. ಹೇಳಿದ ಮೇಲೆ ಜಗನ್ನಾಥ ನಾಲಿಗೆ ಕಚ್ಚಿಕೊಂಡ. ಕಿಶನ್ ಮಾತ್ರ, ‘ವಾಹ್ ಡಾಕ್ಟರ್ ಸಾಬ್, ಇದಪ್ಪಾ ಮಾತು ಅಂದ್ರೆ’ ಎಂದು ಫೋನಿಟ್ಟ. ಒಳಗೆ ಬಚ್ಚಲಿನಲ್ಲಿ ನೀರು ನಿಂತಿತು. ಬಾಲ್ಕನಿಯ ಕಂಬಿ ಹಿಡಿದು ನಿಂತವನಿಗೆ ಮೆಲ್ಲಗೆ ಲೆಕ್ಕ ಹೊಳೆಯತೊಡಗಿತು: ಎದುರಿನದು ಎರಡು ಲಕ್ಷ ಏರಿದರೆ ತನ್ನದೂ ಏರಿದಂತೆಯೇ. ಆ ದಿನ ಮನೆಗೆ ಎರಡು ಕಿಲೋ ಮಾವು ಬಂತು.

ಭಾನುವಾರ ಊಟಕ್ಕೆ ಅಹಲ್ಯಾ ಬಂದಳು. ಅವಳು ಹೊಸಬಳೇನಲ್ಲ. ಐಎಎಸ್ ಮಾಡಬೇಕೆಂದು ದೆಹಲಿಗೆ ಬಂದು, ಓಲ್ಡ್ ರಾಜಿಂದರ್ ನಗರದ ಗೂಡಿನಂಥ ಕೋಣೆಯಲ್ಲಿ ಕೂತು ಓದಿ, ಪರೀಕ್ಷೆ ಬರೆಯುವ ವಯಸ್ಸು ಮುಗಿದ ಮೇಲೆ ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಸಂವಿಧಾನ ಪಾಠ ಹೇಳುತ್ತಿದ್ದಳು. ಸಂಘದ ಊಟದಲ್ಲಿ ಲೀಲಾಳಿಗೆ ಗಂಟುಬಿದ್ದು ತಂಗಿಯೇ ಆಗಿಹೋಗಿದ್ದಳು. ಲೀಲಾಳನ್ನು ಅಕ್ಕ ಎಂದವಳಿಗೆ ಜಗನ್ನಾಥ ತಾನಾಗಿಯೇ ಭಾವ. ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವ ಹುಡುಗಿ. ಇವತ್ತು ಅವಳ ಮುಖದಲ್ಲಿ ಏನೋ ಹಬ್ಬ.

‘ಅಕ್ಕ, ಭಾವ, ಒಂದು ವಿಷಯ ಹೇಳ್ತೀನಿ, ಮೊದಲೇ ಹೇಳಿಲ್ಲ ಅಂತ ಬೈಬೇಡಿ’ ಎಂದಳು. ‘ಮನೆ ತಗೋತಿದ್ದೀನಿ. ಎಲ್ಲಿ ಹೇಳಿ? ಫ್ಲೋರೆಂತಿನಾದಲ್ಲಿ, ನಿಮ್ಮ ಫ್ಲ್ಯಾಟಿನ ಎದುರುಗಡೆ!’

ಲೀಲಾ ಸೌಟು ಹಿಡಿದುಕೊಂಡೇ ನಿಂತಳು. ಜಗನ್ನಾಥ ಬಾಯಿಗೆತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

‘ಆ ಮನೆಯೊಡತಿ ಕಾಟ ಸಾಕಾಗಿದೆ ಅಕ್ಕ. ಯಾರು ಬಂದ್ರು, ಎಷ್ಟೊತ್ತಿಗೆ ಹೋದ್ರು, ಮದುವೆ ಯಾಕಾಗಿಲ್ಲ. ಮೊನ್ನೆ ನಾನಿಲ್ಲದಾಗ ಕೋಣೆಗೆ ಬಂದು ಕಪಾಟು ತೆಗೆದು ನೋಡಿದ್ದಾಳೆ. ನನ್ನದು ಅಂತ ಒಂದು ಬಾಗಿಲು ಬೇಕು, ಒಳಗಿಂದ ಹಾಕ್ಕೊಂಡ್ರೆ ಯಾರೂ ತಟ್ಟಬಾರದು. ಇದ್ದಬದ್ದದ್ದೆಲ್ಲ ಬಳಿದು ಒಟ್ಟುಮಾಡಿದ್ದೀನಿ. ಭಾವ ಅಷ್ಟು ಹೇಳ್ತಿದ್ರಲ್ಲ, ಅದಕ್ಕೇ ಹೋಗಿ ನೋಡಿದೆ. ನಿಮಗೆ ಸರ್‌ಪ್ರೈಸ್ ಕೊಡೋಣ ಅಂತಿದ್ದೆ. ಆದ್ರೆ ನಿನ್ನೆ ಒಬ್ಬರು ಅಡ್ಡ ಬಂದಿದ್ದಾರೆ. ನಮ್ಮವರೇ ಅಂತೆ, ದಾವಣಗೆರೆ ಡಾಕ್ಟರು. ಎರಡು ಲಕ್ಷ ಜಾಸ್ತಿ ಕೊಡ್ತೀನಿ ಅಂದಿದ್ದಾರಂತೆ. ನಾನೂ ಬಿಡಲಿಲ್ಲ, ಅಷ್ಟೇ ಕೊಡ್ತೀನಿ ಅಂದೆ. ಒಬ್ಬ ಡಾಕ್ಟರು ಅಷ್ಟು ವಿಚಾರಿಸಿ ವಿಚಾರಿಸಿ ಏರಿಸ್ತಿದ್ದಾರೆ ಅಂದ್ರೆ ಜಾಗ ಚೆನ್ನಾಗೇ ಇರಬೇಕಲ್ವಾ? ಊಟ ಆದ ಮೇಲೆ ಟೋಕನ್ ಕೊಡಕ್ಕೆ ಹೋಗ್ಬೇಕು. ಭಾವ, ನೀವೂ ಬನ್ನಿ. ದೊಡ್ಡವರು ಒಬ್ಬರು ಜೊತೆಗಿರಲಿ.’

ಲೀಲಾ ಗಂಡನ ಮುಖ ನೋಡಿದಳು. ‘ನೀರಿನ ವಿಷಯ ಹೇಳ್ರೀ ಅವಳಿಗೆ’ ಎಂದಳು. ‘ನೀರಿಗೆ ಮೆಷೀನ್ ಹಾಕಿಸ್ತೀನಿ ಅಕ್ಕ’ ಎಂದಳು ಅಹಲ್ಯಾ ನಗುತ್ತಾ. ಜಗನ್ನಾಥ ಮಜ್ಜಿಗೆ ಕೇಳಿದ.

ಕಾರಿನಲ್ಲಿ ಅವಳು ಪಕ್ಕದಲ್ಲಿ ಕೂತು ಪರದೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಳು. ಈಗ ಹೇಳಬೇಕು, ಈ ಸಿಗ್ನಲ್ಲು ದಾಟಿದ ಮೇಲೆ ಹೇಳುತ್ತೇನೆ ಎಂದುಕೊಂಡ ಜಗನ್ನಾಥ. ಸಿಗ್ನಲ್ಲು ದಾಟಿತು. ಏನು ಹೇಳುವುದು? ಆ ಡಾಕ್ಟರು ನಾನೇ, ಶನಿವಾರ ಶನಿವಾರ ಲುಂಗಿಯುಟ್ಟು ಬಾಲ್ಕನಿಯಲ್ಲಿ ನಿಂತು ಇಲ್ಲದ ಹೆಂಡತಿಗೆ ಅಡುಗೆಮನೆ ಹುಡುಕುತ್ತೇನೆ ಎಂದೇ? ಅಷ್ಟಕ್ಕೂ ಅವಳು ಕೊಂಡರೆ ಏನು ಕೆಟ್ಟದ್ದು? ಎದುರಿಗೆ ಅಹಲ್ಯಾ ಇದ್ದರೆ ಲೀಲಾ ಕೂಡ ಅಲ್ಲಿಗೆ ಬರಲು ಒಪ್ಪಬಹುದು. ನಾಲ್ಕು ಜನ ಬಂದು ಇದ್ದರೆ ತಾನೇ ನೀರು ಬರುವುದು, ಲಿಫ್ಟು ಓಡುವುದು? ರಿಜಿಸ್ಟ್ರಿ ಒಂದಲ್ಲ ಒಂದು ದಿನ ಆಗಲೇಬೇಕು, ಸರ್ಕಾರ ಇರುವುದು ಯಾತಕ್ಕೆ? ಇನ್ನು, ಅವಳು ನಿಜವಾದ ದುಡ್ಡು ಕೊಟ್ಟು ಕೊಂಡರೆ ಆ ಬೆಲೆ ನಿಜವಾಗುತ್ತದೆ. ಹತ್ತು ವರ್ಷದಲ್ಲಿ ಮೊದಲ ಸಲ, ಬ್ರೋಕರನ ಬಾಯಿಯ ಗಾಳಿಯಲ್ಲ, ಮನುಷ್ಯರೊಬ್ಬರು ಕೊಟ್ಟ ಬೆಲೆ. ಈ ಯೋಚನೆ ಬಂದಾಗ ಜಗನ್ನಾಥನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೆ ಯೋಚನೆ ಹೋಗಲಿಲ್ಲ. ಕಾಲುವೆಯ ಸೇತುವೆ ಬಂತು. ನೀರಿನ ಮೇಲೆ ಕಾರ್ಖಾನೆಗಳ ನೊರೆ ತೇಲುತ್ತಿತ್ತು. ‘ಎಷ್ಟು ಚೆಂದ, ಅಲ್ವಾ ಭಾವ, ದೂರದಿಂದ?’ ಎಂದಳು ಅಹಲ್ಯಾ. ಕೊಳ್ಳುವ ಮನಸ್ಸಿನ ಕಣ್ಣೇ ಹಾಗೆ. ಅವನ ಕಣ್ಣಿಗೂ ಒಂದು ಕಾಲದಲ್ಲಿ ಹಾಗೇ ಕಂಡಿತ್ತು.

ಕಿಶನ್ನನ ಆಫೀಸಿನಲ್ಲಿ ಎಸಿ, ಗಣೇಶನ ವಿಗ್ರಹ, ದೊಡ್ಡ ಟೇಬಲ್ಲು. ಅವನು ಜಗನ್ನಾಥನಿಗೆ ‘ಬೈಠಿಯೇ ಅಂಕಲ್’ ಎಂದು, ಅಹಲ್ಯಾಳ ಮುಂದೆ ನೀರಿಟ್ಟ. ಅವಳು ಫೋನು ತೆಗೆದು ಹಣ ಕಳಿಸುವ ಆ್ಯಪ್ ತೆರೆದಳು.

‘ರಿಜಿಸ್ಟ್ರಿ ಆಗಿಲ್ಲ ಅಹಲ್ಯಾ’ ಎಂದ ಜಗನ್ನಾಥ, ಕನ್ನಡದಲ್ಲಿ. ‘ಅದು ಆಗದೆ ಇದು ಯಾರ ಮನೆಯೂ ಅಲ್ಲ. ನನ್ನದೂ ಅಲ್ಲ.’

‘ಮುಂದಿನ ತಿಂಗಳು ಆಗುತ್ತೆ’ ಎಂದ ಕಿಶನ್. ಕನ್ನಡ ಬಾರದಿದ್ದರೂ ರಿಜಿಸ್ಟ್ರಿ ಎಂಬ ಮಾತು ಅವನಿಗೆ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತಿತ್ತು.

‘ಭಾವ, ಯುಗಾದಿ ದಿನ ನೀವೇ ಅಂದ್ರಿ, ಬರೀ ಫಾರ್ಮಾಲಿಟಿ ಅಂತ.’

‘ಅಂದೆ. ಸುಮ್ಮನೆ ಅಂದೆ.’

‘ನಿಮಗೆ ಆಗಬಹುದು, ನನಗೆ ಬೇಡವಾ?’ ಅವಳ ದನಿ ಸಣ್ಣದಾಯಿತು. ‘ನಾನು ಎದುರಿಗೆ ಬಂದಿರೋದು ನಿಮಗೆ ಇಷ್ಟ ಇಲ್ಲ ಅಂದ್ರೆ ನೇರ ಹೇಳಿ.’

ಛೇ, ಎಲ್ಲಿಂದೆಲ್ಲಿಗೆ ಹೋಯಿತು ಮಾತು! ಪಾಪ, ಆ ಹುಡುಗಿ ಹಾಗೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಈ ನಡುವೆ ಕಿಶನ್ ಹೂಡಿದ ಬಾಣವೇ ಬೇರೆ. ‘ಮೇಡಂ, ನಿಮಗೆ ಬೇಡವಾದರೆ ಬಲವಂತ ಇಲ್ಲ. ಡಾಕ್ಟರ್ ಸಾಬ್ ಸಂಜೆಗೆ ಬರ್ತಾರೆ. ಮಂಗಳವಾರ ಬಂದು ನೋಡಿಕೊಂಡೂ ಹೋದರು. ಬಿಳಿ ಫಾರ್ಚುನರ್. ಎತ್ತರದ ಆಳು. ಭಾಭೀಜಿ ಅಡುಗೆಮನೆಯಲ್ಲಿ ನಿಂತು ಕೈಮುಗಿದರು.’

‘ಅವರು ಬಂದಿಲ್ಲ!’ ಎಂದು ಜಗನ್ನಾಥ ಕೂಗಿಬಿಟ್ಟ.

ಇಬ್ಬರೂ ಅವನ ಕಡೆ ತಿರುಗಿದರು. ‘ನಿಮಗೆ ಹೇಗೆ ಗೊತ್ತು ಅಂಕಲ್?’ ಎಂದ ಕಿಶನ್.

ಹೌದು, ಹೇಗೆ ಗೊತ್ತು? ಒಂದು ಕ್ಷಣ ಜಗನ್ನಾಥನಿಗೇ ಅನುಮಾನವಾಯಿತು. ಬಿಳಿ ಕಾರಿನಿಂದಿಳಿದು, ಎತ್ತರದ ಆಳು, ಹೆಂಡತಿಯನ್ನು ಕರೆದುಕೊಂಡು, ಟ್ಯಾಂಕರಿನ ನೀರಿಗೂ ಮುಖ ಸಿಂಡರಿಸದೆ ಮನೆ ನೋಡಿ ಹೋದರೇ? ತನಗಿಂತ ಎಷ್ಟೋ ದೊಡ್ಡ ಮನುಷ್ಯ. ಅವರಿಗೆ ಮಾರಬಹುದಿತ್ತಲ್ಲ ತನ್ನದನ್ನು, ತಾನೇ ಮೊದಲು ಹೋಗಿ ಕೇಳಬಹುದಿತ್ತಲ್ಲ! ಅಯ್ಯೋ ದೇವರೇ, ತಾನೇ ಹೆತ್ತ ಸುಳ್ಳಿನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ತಲೆ ಕೆಟ್ಟಿತೇ? ಆ ಹೊತ್ತಿಗೆ ಅಹಲ್ಯಾ ಫೋನಿನ ಮೇಲೆ ಬೆರಳಿಟ್ಟು ಗುಪ್ತಸಂಖ್ಯೆ ಒತ್ತತೊಡಗಿದ್ದಳು. ಆ ಬೆರಳಿನ ತುದಿಗೆ ಬಿಳಿಹಲಗೆಗೆ ಬರೆಯುವ ಮಾರ್ಕರಿನ ನೀಲಿ ಮಸಿ ಹತ್ತಿಕೊಂಡಿತ್ತು. ವರ್ಷಗಟ್ಟಲೆ ಬೆಳಗಿಂದ ಸಂಜೆಯವರೆಗೆ ನಿಂತುಕೊಂಡು, ತಾನು ಏರಲಾಗದ ಮೆಟ್ಟಿಲನ್ನು ಬೇರೆಯವರಿಗೆ ಏರಿಸಿಕೊಡುತ್ತ ಉಳಿಸಿದ ದುಡ್ಡು. ಜಗನ್ನಾಥ ಟೇಬಲ್ಲಿನ ಕೆಳಗೆ ಕೈ ಹಾಕಿ, ಲೀಲಾಳ ಕೈಗೆ ಸಿಗದಿರಲೆಂದು ಸದಾ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದ ಕೃತಿಯ ಹಳೆಯ ಫೋನು ತೆಗೆದು, ಮಾಡಬಾರದು ಮಾಡಬಾರದು ಎನ್ನುತ್ತಲೇ ಗುಂಡಿ ಒತ್ತಿದ.

ಟೇಬಲ್ಲಿನ ಮೇಲಿದ್ದ ಕಿಶನ್ನನ ಫೋನು ಹಾಡತೊಡಗಿತು. ಅವನ ಮುಖ ಅರಳಿತು. ‘ಏನು ಆಯಸ್ಸು ನೋಡಿ ಮೇಡಂ! ಡಾಕ್ಟರ್ ಸಾಬೇ ಮಾಡ್ತಿದ್ದಾರೆ. ನೀವೇ ಕೇಳಿಸಿಕೊಳ್ಳಿ.’ ಸ್ಪೀಕರ್ ಹಾಕಿದ. ‘ನಮಸ್ಕಾರ್ ಡಾಕ್ಟರ್ ಸಾಬ್! ಭಾಭೀಜಿ ಹೇಗಿದ್ದಾರೆ?’

ಜಗನ್ನಾಥ ಫೋನನ್ನು ಕೆಳಗಿನಿಂದೆತ್ತಿ ಕಿವಿಗಿಟ್ಟುಕೊಂಡ. ಬಂದ ದನಿ ಡಾಕ್ಟರದೇ, ಭಾರವಾದದ್ದು, ಕೆಟ್ಟ ಹಿಂದಿಯದು. ‘ಕಿಶನ್ ಜಿ, ನಮಗೆ ಮನೆ ಬೇಡ. ಯಾವತ್ತೂ ಬೇಕಿರಲಿಲ್ಲ.’ ಮಾತು ಅವನ ಬಾಯಿಂದ ಒಂದು ಸಲ, ಟೇಬಲ್ಲಿನ ಮೇಲಿಂದ ಇನ್ನೊಂದು ಸಲ ಕೇಳಿಸಿತು.

ಅಹಲ್ಯಾ ಮೊದಲು ಟೇಬಲ್ಲನ್ನು ನೋಡಿದಳು, ಆಮೇಲೆ ಅವನನ್ನು. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ಜಗನ್ನಾಥ ತಡೆದುಕೊಳ್ಳುತ್ತಿದ್ದ. ಅಲ್ಲಿ ಬಂದದ್ದು ನಾಚಿಕೆ, ಅವನ ಪರವಾಗಿ ಅವಳು ಪಟ್ಟ ನಾಚಿಕೆ. ತಂದೆ ಬೀದಿಯಲ್ಲಿ ಕುಡಿದು ಬಿದ್ದಿದ್ದನ್ನು ಕಂಡ ಮಗಳ ಮುಖ. ಫೋನನ್ನು ಬ್ಯಾಗಿಗೆ ಹಾಕಿಕೊಂಡು, ಇಟ್ಟಿದ್ದ ನೀರು ಮುಟ್ಟದೆ, ಎದ್ದು ಹೊರಗೆ ಹೋದಳು.

ಕಿಶನ್ ಸಿಟ್ಟು ಮಾಡಿಕೊಳ್ಳುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಜಗನ್ನಾಥ ಕಾದ. ಕಿಶನ್ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡ. ‘ಕಮಾಲ್ ಮಾಡಿದ್ರಿ ಅಂಕಲ್. ನನಗಿಂತ ನೀವು ಒಳ್ಳೆ ಬ್ರೋಕರ್.’ ಜಗನ್ನಾಥ ಏಳಲಿಲ್ಲ. ನಂಬುತ್ತೀರೋ ಬಿಡುತ್ತೀರೋ, ಇಷ್ಟೆಲ್ಲ ಆದ ಮೇಲೂ ಅವನ ಬಾಯಿಂದ ಬಂದ ಮಾತು ಇದು: ‘ಹಾಗಾದರೆ, ಈಗ ನನ್ನದನ್ನ ಮಾರಿದರೆ ಎಷ್ಟು ಬರಬಹುದು?’

ಕಿಶನ್ ನಗು ನಿಲ್ಲಿಸಿ ಅವನನ್ನೇ ನೋಡಿದ. ಮೊದಲ ಸಲ ಅವನ ದನಿಯಲ್ಲಿ ಒಂದಿಷ್ಟು ಮರುಕವಿತ್ತು. ‘ಯಾರಿಗೆ ಮಾರೋದು ಅಂಕಲ್? ಈ ವರ್ಷ ಫ್ಲೋರೆಂತಿನಾಗೆ ಅಂತ ನನ್ನ ಹತ್ತಿರ ಬಂದಿದ್ದು ಎರಡೇ ಪಾರ್ಟಿ. ಒಬ್ಬರು ಈಗ ಎದ್ದು ಹೋದರು. ಇನ್ನೊಬ್ಬರು ನೀವು.’

ಹೊರಗೆ ಅಹಲ್ಯಾ ಕಾರಿನ ಹತ್ತಿರ ನಿಂತಿದ್ದಳು. ಆ ಕಡೆಗೆ ಆಟೋ ಬರುವುದಿಲ್ಲ. ಜಗನ್ನಾಥ ಬೀಗ ತೆಗೆದಾಗ ಅವಳು ಹಿಂದಿನ ಬಾಗಿಲು ತೆರೆದು ಹಿಂದೆ ಕೂತಳು. ಬಿಸಿಲಿಗೆ ಸ್ಟೇರಿಂಗ್ ಕಾದು ಕೈ ಚುರುಗುಟ್ಟುತ್ತಿತ್ತು. ‘ಮನೆಗೆ ಹೋಗೋಣಮ್ಮ, ಲೀಲಾ ಟೀ ಮಾಡಿರ್ತಾಳೆ’ ಎಂದ. ‘ಮೆಟ್ರೋ ಹತ್ತಿರ ಬಿಡಿ ಸರ್’ ಎಂದಳು. ಸ್ಟೇಷನ್ನಿನ ಮುಂದೆ ಇಳಿದು, ಅವನ ಕಿಟಕಿಯ ಹತ್ತಿರ ಬಂದು ನಿಂತಳು. ಕಣ್ಣುಗಳು ಕೆಂಪಾಗಿದ್ದವು. ‘ನೀವು ನನ್ನನ್ನ ಉಳಿಸಿದ್ರಿ ಅಂತ ಗೊತ್ತು. ಅದನ್ನ ಹೇಳಕ್ಕೆ ಇವತ್ತು ನನಗೆ ಬಾಯಿ ಬರ್ತಿಲ್ಲ. ಅಕ್ಕನಿಗೆ ನಾನು ಏನೂ ಹೇಳಲ್ಲ, ನೀವೇ ಹೇಳಿ.’ ಮತ್ತೆ ಅದೇ ಕೋಣೆಗೆ, ಅದೇ ಮನೆಯೊಡತಿಯ ಬಾಗಿಲಿಗೆ ಅವಳು ಮೆಟ್ಟಿಲೇರಿ ಹೋದಳು.

ಅವಳು ಕಾಣದಾಗುವವರೆಗೂ ಜಗನ್ನಾಥ ನೋಡುತ್ತ ಕೂತ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಒಳ್ಳೆಯ ಕೆಲಸ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು, ಅವಳ ಮುಖ ನೆನೆದು ಅಳು ಬಂದದ್ದೂ ನಿಜ. ಆದರೆ ಅದೆಲ್ಲದರ ಅಡಿಯಲ್ಲಿ, ನಾಚಿಕೆಯಿಲ್ಲದೆ, ಇನ್ನೊಂದು ಸಂಕಟ ಕೂತಿತ್ತು: ನಿನ್ನೆ ಬೆಳಿಗ್ಗೆ ಏರಿದ್ದ ಎರಡು ಲಕ್ಷ ಹೋಯಿತಲ್ಲ. ಯಾವತ್ತೂ ಇಲ್ಲದ ದುಡ್ಡು ಹೋದದ್ದಕ್ಕೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆಯೇ? ಉರಿಯುತ್ತಿತ್ತು.